ಐದು ಗಂಟೆಗೆ ಬರುವ ಬೆಡ್‌ಶೀಟು

ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಒಬ್ಬಳು ಎರಡು ಮೂಲೆ ಹಿಡಿದು ಈ ಕಡೆ, ಇನ್ನೊಬ್ಬಳು ಎರಡು ಮೂಲೆ ಹಿಡಿದು ಆ ಕಡೆ. ಜಾಡಿಸಬೇಕು, ಎಳೆಯಬೇಕು, ನಡುವಿಗೆ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಹೀಗೆ ಒಂದೊಂದು ಬೆಡ್‌ಶೀಟಿಗೂ ಎದುರಿನವಳ ಮುಖ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬರುತ್ತದೆ. ಅಕ್ಕನ ಮುಖವನ್ನು ನಾನು ವರ್ಷಗಟ್ಟಲೆ ಹೀಗೆ ನೋಡಿದ್ದೇನೆ. ನನ್ನ ಗಂಡನ ಮುಖವನ್ನೂ ಇಷ್ಟು ನೋಡಿಲ್ಲ, ನೋಡುವ ಆಸೆಯೂ ಅಷ್ಟಾಗಿ ಇಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಈ ಆಸ್ಪತ್ರೆಯ ಲಾಂಡ್ರಿಗೆ ನಾನು ಸೇರಿದ ದಿನ, ಇಸ್ತ್ರಿ ಯಂತ್ರದಿಂದ ಬರುವ ಬಿಸಿ ಬಟ್ಟೆ ಹಿಡಿಯಲು ಬಾರದೆ ಬೆರಳು ಸುಟ್ಟುಕೊಂಡು ಯಂತ್ರಕ್ಕೆ ಹಿಡಿಶಾಪ ಹಾಕುತ್ತಿದ್ದೆ. ಅವಳು ಎದುರಿಗೆ ಬಂದು ನಿಂತು, “ಬೈದ್ರೆ ಅದಕ್ಕೆ ಕೇಳ್ಸಲ್ಲ. ಮೂಲೆ ಹಿಡ್ಕೋ” ಅಂದಳು. ಅಂದಿನಿಂದ ನಾವಿಬ್ಬರೂ ಜೋಡಿ. ನನ್ನದು ಬಾಯಿ ಜೋರು, ಅವಳದು ಕೈ ಜೋರು. ಇಲ್ಲಿ ನನ್ನನ್ನು ಸಿಡುಕಿ ಎನ್ನುತ್ತಾರೆ. ಅನ್ನಲಿ. ಸಿಡುಕಿಗೆ ಯಾರೂ ಹೆಚ್ಚಿನ ಕೆಲಸ ಹೇಳುವುದಿಲ್ಲ. ಅಕ್ಕನಿಗೆ ಎಲ್ಲರೂ ಹೇಳುತ್ತಾರೆ, ಅವಳು ಎಲ್ಲರದ್ದೂ ಮಾಡುತ್ತಾಳೆ.

ಲಾಂಡ್ರಿ ಇರುವುದು ಆಸ್ಪತ್ರೆಯ ಹಿತ್ತಲಿನಲ್ಲಿ, ತಗ್ಗಿನ ಕಟ್ಟಡದಲ್ಲಿ. ಒಂದು ಪಕ್ಕಕ್ಕೆ ಕೊಳೆ ಗೇಟು. ವಾರ್ಡುಗಳಿಂದ ಬಳಸಿದ ಬಟ್ಟೆ ಬ್ಯಾಟರಿ ಗಾಡಿಗಳಲ್ಲಿ ಬಂದು ಒಳಗೆ ಸೇರುವುದು ಅಲ್ಲಿಂದ. ಇನ್ನೊಂದು ಪಕ್ಕಕ್ಕೆ ಕ್ಲೀನ್ ಗೇಟು. ಒಗೆದು ಮಡಿಸಿದ್ದು ಹೊರಗೆ ಹೋಗುವುದು ಅಲ್ಲಿಂದ. ಎರಡರ ನಡುವೆ ಆವಿ, ಸದ್ದು, ಬ್ಲೀಚಿನ ವಾಸನೆ ಮತ್ತು ನಾವು. ಸಂಜೆ ಹೊರಗೆ ಬಂದಾಗ ನಮ್ಮ ಕೈಗಳು ಯಾವುದೋ ಮುದುಕಿಯರಿಂದ ಎರವಲು ತಂದಂತೆ ಸುಕ್ಕುಗಟ್ಟಿರುತ್ತವೆ.

ಮೊದಲು ಬೆಡ್‌ಶೀಟುಗಳನ್ನು ನಾವೇ ಎಣಿಸುತ್ತಿದ್ದೆವು. ಎಣಿಕೆ ತಪ್ಪುತ್ತಿತ್ತು, ಜಗಳ ಆಗುತ್ತಿತ್ತು, ಅದರಲ್ಲೊಂದು ಸುಖವಿತ್ತು. ಆಮೇಲೆ ಟ್ಯಾಗು ಬಂತು. ಅಂಗಿಯ ಕಾಲರಿನಲ್ಲಿ ಹೊಲಿದಿರುತ್ತದಲ್ಲ, ಅಂಥದೇ ಒಂದು ಮೆತ್ತನೆಯ ಪಟ್ಟಿ. ಪ್ರತಿ ಬೆಡ್‌ಶೀಟಿನ ಅಂಚಿನೊಳಗೆ ಒಂದೊಂದು. ಅದಕ್ಕೆ ಬ್ಯಾಟರಿ ಇಲ್ಲ, ವೈರಿಲ್ಲ. ಗೇಟಿನ ಎರಡೂ ಬದಿಗೆ ನಿಲ್ಲಿಸಿರುವ ಬಿಳಿ ಹಲಗೆಗಳಿಂದ ರೇಡಿಯೋ ಅಲೆ ಹೊರಡುತ್ತದಂತೆ. ಆ ಅಲೆ ತಾಗಿದೊಡನೆ ಟ್ಯಾಗಿಗೆ ಅದರಿಂದಲೇ ಒಂದು ಗುಟುಕು ಜೀವ ಬಂದು, ತನ್ನ ನಂಬರು ಹೇಳಿ, ಮತ್ತೆ ಮಲಗಿಬಿಡುತ್ತದೆ. ಗಾಡಿಯೊಳಗೆ ರಾಶಿ ಬಟ್ಟೆ ಇದ್ದರೂ ಎಲ್ಲದರ ಲೆಕ್ಕ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ. ಆ ಪರದೆ ನೋಡಿಕೊಳ್ಳುವವನು ಪೀಪಿ. ಅವನ ಯಂತ್ರ ಮಾತೆತ್ತಿದರೆ ಪೀಂ ಅನ್ನುತ್ತದೆ, ಅದಕ್ಕೇ ಆ ಹೆಸರು. ನಿಜವಾದ ಹೆಸರು ಅವನ ಹೆಂಡತಿಗೆ ಗೊತ್ತಿರಬಹುದು.

ಬೆಡ್‌ಶೀಟು ಕೊಳೆ ಗೇಟಿನಿಂದ ಒಳಗೆ ಬಂದರೆ ಒಂದು ಒಗೆತ ಎಂದು ಯಂತ್ರ ಬರೆದುಕೊಳ್ಳುತ್ತದೆ. ಇಷ್ಟು ಒಗೆತ ಎಂಬ ಮಿತಿ ಇದೆ. ಮಿತಿ ದಾಟಿತೋ, ಪರದೆಯ ಮೇಲೆ ಕೆಂಪು ಸಾಲು: ಸವೆದಿದೆ, ರದ್ದು ಮಾಡಿ. ಆಮೇಲೆ ಆ ಬೆಡ್‌ಶೀಟನ್ನು ಹುಡುಕಿ ತೆಗೆದು, ಕತ್ತರಿಸಿ, ಚಿಂದಿ ಡಬ್ಬಕ್ಕೆ ಹಾಕಬೇಕು. ಇನ್ನೂ ಗಟ್ಟಿಯಾಗಿದ್ದರೂ ಅಷ್ಟೇ. ಯಂತ್ರ ಹೇಳಿದ ಮೇಲೆ ಮುಗಿಯಿತು.

ಈ ಟ್ಯಾಗಿನ ವಿಷಯ ಕೇಳಿ ಮೊದಲು ನಕ್ಕವರು ಭಾವ, ಅಂದರೆ ಅಕ್ಕನ ಗಂಡ. “ಬ್ಯಾಟರಿ ಇಲ್ದೆ ಮಾತಾಡುತ್ತಾ? ಯಾರ ಕಿವಿಗೆ ಹೂ ಇಡ್ತೀರಿ?” ಎಂದಿದ್ದರು. ನಗುವ ಹಕ್ಕು ಅವರಿಗಿತ್ತು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಕೋಣೆ. ನೆಲದ ಮೇಲೆ ಸಾಲಾಗಿ ಲಾರಿ, ಟ್ಯಾಕ್ಸಿಗಳ ಬ್ಯಾಟರಿಗಳು ಮುಚ್ಚಳ ಬಿಚ್ಚಿಕೊಂಡು ಗುಳುಗುಳು ಅನ್ನುತ್ತಿದ್ದವು. ಆ್ಯಸಿಡ್ ಸಿಡಿದು ಭಾವನ ಅಂಗಿಗಳೆಲ್ಲ ತೂತು. ಅಕ್ಕ ಹಳೇ ಬೆಡ್‌ಶೀಟಿನ ಚೂರು ಇಟ್ಟು ತೇಪೆ ಹಾಕುತ್ತಿದ್ದಳು; ಅವರು ಅದನ್ನೂ ತೂತು ಮಾಡಿಕೊಂಡು ಬರುತ್ತಿದ್ದರು.

ಅವರಿಬ್ಬರು ಭೇಟಿಯಾದದ್ದೂ ಇಲ್ಲೇ, ಕೊಳೆ ಗೇಟಿನಲ್ಲಿ. ಬಟ್ಟೆ ಸಾಗಿಸುವ ಗಾಡಿಗಳ ಬ್ಯಾಟರಿಗೆ ನೀರು ಹಾಕಿ, ಸಂಜೆ ಚಾರ್ಜಿಗೆ ಹಚ್ಚುವ ಕೆಲಸ ಭಾವನಿಗೆ ಸಿಕ್ಕಿತ್ತು. ಅಕ್ಕ ಆಗ ಗೇಟಿನಲ್ಲಿ ಮೂಟೆ ಇಳಿಸುತ್ತಿದ್ದಳು. ಭಾವ ಗಾಡಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಏಳುತ್ತಲೇ ಇರಲಿಲ್ಲವಂತೆ. “ಅಷ್ಟೊತ್ತು ನೋಡೋಕೆ ಅದ್ರಲ್ಲಿ ಏನಿದೆ?” ಎಂದು ಅಕ್ಕ ಕೇಳಿದ್ದಳಂತೆ. “ಚಾರ್ಜಿಗೆ ಹಾಕಿ ಕಣ್ಣು ತಪ್ಪಿಸ್ಬಾರ್ದು. ಕುದ್ದುಹೋಗುತ್ತೆ” ಎಂದಿದ್ದರಂತೆ. ಅವರ ಪಕ್ಕದ ಅಂಗಡಿಯವನು ಹಾಗೆ ಹಾಕಿ ಮನೆಗೆ ಹೋದದ್ದಕ್ಕೆ ಅಂಗಡಿಯೇ ಸುಟ್ಟು ಬೂದಿಯಾಗಿತ್ತು. ಅದನ್ನು ಕಣ್ಣಾರೆ ಕಂಡವರು. ಜೀವನಪೂರ್ತಿ ಯಾವ ಕೋಣೆ ಬಿಟ್ಟು ಹೊರಟರೂ ಮೊದಲು ಪ್ಲಗ್ಗು ಕಿತ್ತೇ ಹೊರಟವರು. ಅಷ್ಟು ಹೊತ್ತು ಕೂರುತ್ತಿದ್ದದ್ದು ಬ್ಯಾಟರಿ ನೋಡಲೋ ಅಕ್ಕನನ್ನು ನೋಡಲೋ ಎಂದು ನಾನು ರೇಗಿಸಿದರೆ, ಅಕ್ಕ ಬೆಡ್‌ಶೀಟನ್ನು ಇನ್ನಷ್ಟು ಜೋರಾಗಿ ಎಳೆಯುತ್ತಿದ್ದಳು.

ಮದುವೆಯಾದ ಮೇಲೆ ಭಾವ ದಿನವೂ ಐದು ಗಂಟೆಗೆ ಬರುವುದು ರೂಢಿಯಾಯಿತು. ಮೊದಲ ಪಾಳಿ ಬಿಡುವುದು ಐದಕ್ಕೆ. ಕೊಳೆ ಗೇಟಿನ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅಕ್ಕ ಮುಖ ತೊಳೆದು, ಟೋಪಿ ತೆಗೆದು, ಜಡೆ ಸರಿಮಾಡಿಕೊಂಡು, ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಭಾವ ಎದ್ದು ಅವಳ ಚೀಲ ಇಸಿದುಕೊಳ್ಳುತ್ತಿದ್ದರು. ಮಾತುಕತೆ ಏನೂ ಇಲ್ಲ. ಅವರು ಚೀಲ ಇಸಿದುಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ನನ್ನ ಚೀಲ ಮುಟ್ಟುವುದು ಅದರಲ್ಲಿ ತಿನ್ನುವುದೇನಾದರೂ ಇದ್ದರೆ ಮಾತ್ರ. ಅಕ್ಕ-ಭಾವನಿಗೆ ಮಕ್ಕಳಾಗಲಿಲ್ಲ, ಅದನ್ನು ಅವರು ಯಾರ ಮುಂದೆಯೂ ಹೇಳಿಕೊಂಡು ಅತ್ತವರಲ್ಲ.

ಕಾಲ ಬದಲಾಯಿತು. ನೀರು ಹಾಕುವ ಬ್ಯಾಟರಿ ಹೋಗಿ ಮುಚ್ಚಿ ಮೊಹರು ಮಾಡಿದ ಬ್ಯಾಟರಿ ಬಂತು. ಅಂಗಡಿಗೆ ಬರುವವರು ಕಡಿಮೆಯಾದರು. ಕೊನೆಗೆ ಆಸ್ಪತ್ರೆಯ ಗಾಡಿಗಳಿಗೂ ಹೊಸ ಏರ್ಪಾಡಾಯಿತು: ನೆಲದಲ್ಲಿ ಒಂದು ಚಪ್ಪಟೆ ಹಲಗೆ, ಗಾಡಿಯನ್ನು ತಂದು ಅದರ ಮೇಲೆ ನಿಲ್ಲಿಸಿದರೆ ಆಯಿತು, ವೈರಿಲ್ಲದೆ ತಾನೇ ಚಾರ್ಜಾಗುತ್ತದೆ. ಭಾವ ಬಂದು ಆ ಹಲಗೆಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ನೋಡಿ ಹೋದರು. ಅಂಗಡಿ ಮುಚ್ಚಿದರು. ಹೆಚ್ಚುಕಡಿಮೆ ಆ ಹೊತ್ತಿಗೇ ಮರೆವು ಶುರುವಾಯಿತು. ಕೊನೆಯ ದಿನಗಳಲ್ಲಿ ಒಂದು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬದಲು ಟೀ ಹಾಕಿದ್ದರು. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕ ನಗಲಿಲ್ಲ.

ಅಲ್ಲಿಂದ ಮುಂದಿನದನ್ನು ಹೇಳುವುದಕ್ಕೇ ನನಗೆ ಸುಸ್ತಾಗುತ್ತದೆ, ಅನುಭವಿಸಿದ ಅಕ್ಕನ ಪಾಡು ಕೇಳಬೇಡಿ. ಮೊದಲು ಮಾತು ಮರೆತರು, ಆಮೇಲೆ ದಾರಿ ಮರೆತರು. ಒಂದು ದಿನ ಅವರ ಹಳೆಯ ಅಂಗಡಿಯ ಜಾಗದಲ್ಲಿ ಸಿಕ್ಕರು. ಅಲ್ಲಿ ಈಗ ಚಪ್ಪಲಿ ಅಂಗಡಿ. ನನ್ನ ಬ್ಯಾಟರಿಗಳನ್ನೆಲ್ಲ ಎಲ್ಲಿಗೆ ಸಾಗಿಸಿದೆ ಎಂದು ಚಪ್ಪಲಿಯವನಿಗೆ ವಾಚಾಮಗೋಚರ ಬೈಯುತ್ತಿದ್ದರು. ಆ ಪುಣ್ಯಾತ್ಮ ಅವರನ್ನು ಕೂರಿಸಿ, ನೀರು ಕೊಟ್ಟು, ಅಕ್ಕ ಬರುವವರೆಗೆ ಬೈಸಿಕೊಂಡ. ಅಂದಿನಿಂದ ಅಕ್ಕ, “ನೀವು ನನ್ನ ಕರ್ಕೊಂಡು ಹೋಗೋಕೆ ಬರೋದು ಬೇಡ ರೀ. ನಾನೇ ಬರ್ತೀನಿ” ಎಂದು ನಿಲ್ಲಿಸಿದಳು.

ಬೇರೆ ಊರಿನಲ್ಲಿರುವ ಭಾವನ ತಂಗಿ, ಅಂದರೆ ಅಕ್ಕನ ನಾದಿನಿ, ಫೋನಿನಲ್ಲಿ ಕಾಳಜಿ ಮಾಡುವುದರಲ್ಲಿ ಎತ್ತಿದ ಕೈ. ಅವಳು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಕಳಿಸಿದಳು. ಜೇಬಿನಲ್ಲಿ ಇಟ್ಟರೆ ಅಣ್ಣ ಎಲ್ಲಿದ್ದಾನೆಂದು ಫೋನಿನಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೆ ಅದನ್ನು ದಿನವೂ ಚಾರ್ಜಿಗೆ ಹಾಕಬೇಕು. ಅಕ್ಕ ಹಾಕುತ್ತಾಳೆ, ಈ ಕಡೆ ತಿರುಗುತ್ತಾಳೆ, ಅಷ್ಟರಲ್ಲಿ ಭಾವ ಎದ್ದು ಬಂದು ಪ್ಲಗ್ಗು ಕಿತ್ತಿರುತ್ತಾರೆ. “ಯಾರಮ್ಮ ಇದನ್ನ ಚಾರ್ಜಿಗೆ ಹಾಕಿ ಬಿಟ್ಟೋರು? ಮನೆ ಸುಡ್ಬೇಕು ಅಂತಾನಾ?” ಬೀರುವಿನ ಹಿಂದೆ ಬಚ್ಚಿಟ್ಟು ಹಾಕಿದಳು, ಹುಡುಕಿ ಕಿತ್ತರು. ಅಡುಗೆಮನೆಯ ಡಬ್ಬಗಳ ಮರೆಯಲ್ಲಿ ಹಾಕಿದಳು, ಅಲ್ಲೂ ಕಿತ್ತರು. ಊಟ ಮಾಡಿದ್ದು ಮರೆಯುತ್ತಾರೆ, ಸ್ನಾನ ಮಾಡಿದ್ದು ಮರೆಯುತ್ತಾರೆ, ಚಾರ್ಜಿಗೆ ಹಾಕಿದ್ದನ್ನು ಮಾತ್ರ ಮರೆಯುವುದಿಲ್ಲ. ಎರಡನೇ ಸಲ ಕಳೆದುಹೋದಾಗ ಆ ಯಂತ್ರ ಅವರ ಜೇಬಿನಲ್ಲೇ ಇತ್ತು, ಸತ್ತು ಕಲ್ಲಾಗಿತ್ತು.

“ಅತ್ತಿಗೆ, ಒಂದು ಪ್ಲಗ್ಗು ನೋಡ್ಕೊಳ್ಳೋಕೆ ಆಗಲ್ವಾ ನಿಮಗೆ?” ಎಂದಳು ನಾದಿನಿ. ನಾನಾಗಿದ್ದರೆ ಆ ಪ್ಲಗ್ಗನ್ನು ಎಲ್ಲಿಗೆ ಚುಚ್ಚಬೇಕೆಂದು ಹೇಳಿಬಿಡುತ್ತಿದ್ದೆ. ಅಕ್ಕ, “ನೋಡ್ತೀನಮ್ಮ” ಎಂದು ಫೋನಿಟ್ಟಳು.

ಮರುದಿನ ಅವಳು ಮೂಲೆ ಸೇರಿಸುತ್ತಾ, “ಒಂದು ಟ್ಯಾಗು ಸಿಗುತ್ತೇನೇ?” ಎಂದು ಕೇಳಿದಳು. ಹೊಸ ಬೆಡ್‌ಶೀಟುಗಳಿಗೆ ಹೊಲಿಯಲು ಬರುವ ಟ್ಯಾಗುಗಳ ಸುರುಳಿಯಲ್ಲಿ ಕೊನೆಗೆ ಒಂದೆರಡು ಉಳಿಯುತ್ತವೆ. ಬರುವಾಗಲೇ ಯಂತ್ರದ ಲೆಕ್ಕದಲ್ಲಿ ಅವಕ್ಕೆಲ್ಲ ಬೆಡ್‌ಶೀಟು ಎಂದು ಹೆಸರಾಗಿರುತ್ತದೆ. ಒಂದನ್ನು ಪೀಪಿಯನ್ನು ಕೇಳಿಯೇ ತಂದುಕೊಟ್ಟೆ. ಭಾವನಿಗೆ ಒಂದು ಕಂದು ಸ್ವೆಟರ್ ಇದೆ, ಎಂಥ ಸೆಕೆಯಲ್ಲೂ ಮೈಮೇಲಿಂದ ತೆಗೆಯುವುದಿಲ್ಲ. ಅದರ ಕುತ್ತಿಗೆಪಟ್ಟಿಯೊಳಗೆ ಅಕ್ಕ ಟ್ಯಾಗನ್ನು ಹೊಲಿದಳು.

“ಇದು ಗೇಟಿನ ಹತ್ರ ಬಂದ್ರೆ ಮಾತ್ರ ಗೊತ್ತಾಗೋದು ಅಕ್ಕ. ಊರೆಲ್ಲಾ ಓಡಾಡಿದ್ರೆ ಏನು ಉಪಯೋಗ?” ಎಂದೆ.

“ಎಲ್ಲಿ ಬಿದ್ರೂ ಕೊನೆಗೆ ಆಸ್ಪತ್ರೆಗೇ ತಾನೇ ತರೋದು?” ಎಂದಳು. “ತುರ್ತು ವಾರ್ಡಿನ ಬಾಗಿಲಲ್ಲೂ ಬಟ್ಟೆ ಲೆಕ್ಕಕ್ಕೆ ಹಲಗೆ ಇದೆಯಲ್ಲ. ಅಲ್ಲಿ ಪೀಂ ಅಂದ್ರೆ ನನಗೆ ಹೇಳು ಅಂತ ಪೀಪಿಗೆ ಹೇಳಿದೀನಿ. ಇದಕ್ಕೆ ಚಾರ್ಜ್ ಬೇಡ. ಕಿತ್ತುಹಾಕೋಕೆ ಪ್ಲಗ್ಗೂ ಇಲ್ಲ.”

ಎಷ್ಟು ದಣಿದರೆ ಮನುಷ್ಯರು ಹೀಗೆ ಲೆಕ್ಕ ಹಾಕುತ್ತಾರೆ ಎಂದುಕೊಂಡೆ. ಆದರೆ ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಬೆಳಗಿನ ಹೊತ್ತು ಭಾವನನ್ನು ಏಳಿಸಿ, ತೊಳೆಸಿ, ತಿನ್ನಿಸಿ, ಸಮಾಧಾನ ಮಾಡುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಹಾಗಾಗಿ ಅಕ್ಕ ಎರಡನೇ ಪಾಳಿ ಕೇಳಿ ಪಡೆದಳು. ಊಟದ ಹೊತ್ತಿಗೆ ಬಂದು ಕತ್ತಲಾದ ಮೇಲೆ ಹೋಗುವುದು. ಜೋಡಿ ಬಿಡಲಾಗದೆ ನಾನೂ ಬದಲಿಸಿಕೊಂಡೆ. ಅವಳ ಮನೆ ಮಹಡಿಯ ಮೇಲೆ, ಕೆಳಗೆ ಒಬ್ಬ ಮುದಿ ದರ್ಜಿ. ಮಧ್ಯಾಹ್ನ ಭಾವ ನಿದ್ದೆ ಮಾಡುತ್ತಿದ್ದರು. ಎದ್ದಾಗ ದರ್ಜಿ ಟೀ ಕೊಡುತ್ತಿದ್ದ. ರಾತ್ರಿ ಅಕ್ಕ ಮನೆಗೆ ಹೋಗುವಷ್ಟರಲ್ಲಿ ಭಾವ ಕುರ್ಚಿಯ ಮೇಲೆ ತಮ್ಮಷ್ಟಕ್ಕೆ ತಾವು ಕೂತಿರುತ್ತಿದ್ದರು. ತೊಂದರೆ ಏನೂ ಇಲ್ಲವಲ್ಲ ಎಂದು ಅವಳಿಗೆ ಅಷ್ಟೇ ನೆಮ್ಮದಿ.

ತೊಂದರೆ ಬೇರೆ ಕಡೆಯಿಂದ ಬಂತು. ಭಾವನಿಗೆ ಅಕ್ಕನ ಗುರುತು ತಪ್ಪಿತು. ಅವಳನ್ನು ಸಿಸ್ಟರ್ ಎಂದು ಕರೆಯತೊಡಗಿದರು. ಒಂದು ಬೆಳಿಗ್ಗೆ ಸ್ನಾನ ಮಾಡಿಸಲು ಹೋದರೆ, “ನೀವು ಹೊರಗೆ ಹೋಗಿ. ನನ್ನ ಹೆಂಡತಿ ಬರ್ತಾಳೆ” ಎಂದು ಬಾಗಿಲು ಹಾಕಿಕೊಂಡರಂತೆ. ಅಕ್ಕ ಒದ್ದೆ ನೆಲದ ಮೇಲೆ ಬಾಗಿಲಿಗೆ ಒರಗಿ ಕೂತು, ಅವರೇ ತೆಗೆಯಲಿ ಎಂದು ಕಾದಳಂತೆ. ಇದನ್ನು ಹೇಳುವಾಗ ಅವಳ ಮುಖದಲ್ಲಿ ದುಃಖವೂ ಇರಲಿಲ್ಲ. ತುಂಬ ಸಲ ಒಗೆದ ಬಟ್ಟೆಯ ಹಾಗೆ ಬಣ್ಣವೇ ಇರಲಿಲ್ಲ. ನನಗೆ ಅಳು ಬಂತು, ಹಾಳಾದ್ದು ಆವಿ ಎಂದು ಯಂತ್ರಕ್ಕೆ ಬೈದೆ.

ಆ ವಾರವೇ ನಾದಿನಿಯ ಫೋನು. ಅವಳ ಊರಿನಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಕೇಂದ್ರವಿದೆ, ಒಂದು ಹಾಸಿಗೆ ಖಾಲಿಯಾಗಿದೆ, ಶನಿವಾರದೊಳಗೆ ಕರೆತರಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಬಾಗಿಲಿಗೆ ಸದಾ ಬೀಗ ಇರುತ್ತದೆ, ಆದ್ದರಿಂದ ಕಳೆದುಹೋಗುವ ಮಾತೇ ಇಲ್ಲ. ತಿಂಗಳಿಗೊಮ್ಮೆ ಹೋಗಿ ನೋಡಬಹುದು.

“ಕಳಿಸ್ತೀನಿ ಅಂದೆ” ಎಂದಳು ಅಕ್ಕ, ಮೂಲೆ ಸೇರಿಸುತ್ತಾ.

ನಾನು ಮೂಲೆ ಬಿಡಲಿಲ್ಲ. “ನಿಜವಾಗ್ಲೂ?”

“ನನಗೆ ಕೈಲಾಗ್ತಿಲ್ಲ ಕಣೇ. ಗುರುತಾದ್ರೂ ಇದ್ದಿದ್ರೆ ಹೇಗೋ ಎಳೀತಿದ್ದೆ. ಅವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ಯಾರು ಸ್ನಾನ ಮಾಡಿಸಿದ್ರೇನು ಈಗ? ಅಲ್ಲಿರೋ ಸಿಸ್ಟರಾದ್ರೆ ನಿಜವಾದ ಸಿಸ್ಟರೇ ಆಗಿರ್ತಾಳೆ.”

ಬೇಡ ಅನ್ನಲು ನನ್ನ ಹತ್ತಿರ ಏನಿತ್ತು? ಅವಳ ಕಣ್ಣಿನ ಕೆಳಗಿನ ಕಪ್ಪನ್ನು ದಿನವೂ ಹತ್ತಿರದಿಂದ ನೋಡುತ್ತಿದ್ದವಳು ನಾನು. ಒಳ್ಳೆಯದೇ ಆಯಿತು ಎಂದೆ. ಇಬ್ಬರೂ ಬೆಡ್‌ಶೀಟು ಜಾಡಿಸಿದೆವು.

ಗುರುವಾರ ಟೀ ಮುಗಿಸಿ ಮತ್ತೆ ಮಡಿಸಲು ನಿಂತಾಗ ಪೀಪಿ ತಲೆ ಕೆರೆದುಕೊಳ್ಳುತ್ತಾ ಬಂದ. “ಸಿಡುಕಕ್ಕ, ಒಂದು ಬೆಡ್‌ಶೀಟು ನನ್ನ ಪ್ರಾಣ ತಿಂತಿದೆ. ಕೆಂಪು ಸಾಲು ಬಂದಿದೆ, ಸವೆದಿದೆ ಅಂತ. ರದ್ದು ಮಾಡೋಣ ಅಂದ್ರೆ ಕೈಗೇ ಸಿಗ್ತಿಲ್ಲ.”

“ರಾಶಿಯಲ್ಲಿ ಎಲ್ಲೋ ಇರುತ್ತೆ, ಹುಡುಕು” ಎಂದೆ.

“ಹುಡುಕಿದೆ. ವಿಚಿತ್ರ ಏನು ಅಂದ್ರೆ ಇದು ಕೊಳೆ ಗೇಟಲ್ಲಿ ಬರುತ್ತೆ, ಕ್ಲೀನ್ ಗೇಟಲ್ಲಿ ಹೋಗೋದೇ ಇಲ್ಲ. ಮತ್ತೆ ಮಾರನೇ ದಿನ ಕೊಳೆ ಗೇಟಲ್ಲೇ ಬರುತ್ತೆ. ಯಾರಾದ್ರೂ ಕದ್ದು ಹೊದ್ಕೊಂಡು ಓಡಾಡ್ತಿದಾರಾ ಅಂತ ನನಗೆ ಅನುಮಾನ.”

ಮೇಲ್ವಿಚಾರಕಿಗೂ ಸುದ್ದಿ ಮುಟ್ಟಿತ್ತು. ಕಳ್ಳತನ ಎಂದರೆ ಆಕೆಗೆ ಹಬ್ಬ. ಎಲ್ಲ ಕಟ್ಟು ಬಿಚ್ಚಿ ನೋಡಿ ಎಂದು ಹುಕುಂ ಬಂತು. ಮಡಿಸಿಟ್ಟದ್ದನ್ನೆಲ್ಲ ಮತ್ತೆ ಬಿಚ್ಚಿದೆವು. ಇಂಥ ಕೆಲಸದಲ್ಲಿ ಮನುಷ್ಯನ ಒಳಗಿನ ದೇವರು ಎದ್ದು ಹೋಗಿಬಿಡುತ್ತಾನೆ. ಪೀಪಿ ಕೈಯಲ್ಲೊಂದು ಸಣ್ಣ ಯಂತ್ರ ಹಿಡಿದು ಒಂದೊಂದು ಕಟ್ಟಿಗೂ ತೋರಿಸುತ್ತಾ ಹೋದ. ಸಿಗಲಿಲ್ಲ. ನಾನು ಅವನ ವಂಶವನ್ನೆಲ್ಲ ಮನಸ್ಸಿನಲ್ಲೇ ನೆನೆಯುತ್ತಿದ್ದೆ.

“ಅದು ಬರೋದು ಯಾವಾಗ?” ಎಂದು ಕೇಳಿದಳು ಅಕ್ಕ.

“ಅದೇ ಇನ್ನೊಂದು ವಿಚಿತ್ರ. ಗಾಡಿ ಬಂದಾಗ ಬರಲ್ಲ. ದಿನಾ ಐದು ಗಂಟೆಗೆ ಸರಿಯಾಗಿ, ಒಂದೇ ಒಂದು, ಒಂಟಿಯಾಗಿ ಬರುತ್ತೆ. ನೀವು ಪಾಳಿ ಬದಲಾಯಿಸಿದ್ರಲ್ಲ, ಆವಾಗಿನಿಂದ ಶುರು. ಭಾನುವಾರ ಬರಲ್ಲ.”

ಭಾನುವಾರ ಅಕ್ಕನಿಗೆ ರಜ.

ನಾವಿಬ್ಬರೂ ಒಂದು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ನಿಂತಿದ್ದೆವು. ಅಕ್ಕನ ಕಡೆಯ ಎರಡು ಮೂಲೆ ಕೆಳಗೆ ಬಿದ್ದವು. ಅವಳ ಕೈಯಿಂದ ಬಟ್ಟೆ ಜಾರಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

“ಅದನ್ನ ಕತ್ತರಿಸೋಕೆ ಆಗಲ್ಲಪ್ಪ” ಎಂದಳು ಪೀಪಿಗೆ. “ಅದು ಬೆಡ್‌ಶೀಟಲ್ಲ. ನಮ್ಮನೆಯವರು.”

ಪೀಪಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವನಿಗೆ ತುರ್ತು ವಾರ್ಡಿನ ಬಾಗಿಲು ನೋಡಲು ಹೇಳಿದ್ದೆವು, ಪಾಪ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ನಂಬರನ್ನು ಆ ಬಾಗಿಲಿನ ಯಂತ್ರಕ್ಕೆ ಹೇಳಿಟ್ಟು ತಾನು ಮರೆತಿದ್ದ. ನಮ್ಮ ಗೇಟಿನಲ್ಲಿ ಬೆಡ್‌ಶೀಟು ಬರುವುದನ್ನು ಯಾರಾದರೂ ವಿಶೇಷ ಎಂದುಕೊಳ್ಳುತ್ತಾರೆಯೇ? ಅವನು ಗೋಡೆಯ ಗಡಿಯಾರದ ಕಡೆ ನೋಡಿದ. ಐದಾಗುತ್ತ ಬಂದಿತ್ತು. ಅಕ್ಕ ಆಗಲೇ ನಡೆದಿದ್ದಳು. ನಾನು ಹಿಂದೆ ಓಡಿದೆ.

ಭಾವ ಗೇಟಿನ ಬಿಳಿ ಹಲಗೆಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಕಂದು ಸ್ವೆಟರಿನ ಗುಂಡಿ ಮೇಲೆ ಕೆಳಗಾಗಿತ್ತು, ತಲೆ ಮಾತ್ರ ನೀಟಾಗಿ ಬಾಚಿದ್ದರು. ನೆಲದ ಹಲಗೆಯ ಮೇಲೆ ನಿಂತ ಗಾಡಿಗಳ ಕಡೆ ಅವರ ಕಣ್ಣಿತ್ತು. ಕಾವಲುಗಾರ ಹೊಸಬ, ತಿಂಗಳಿಗೊಬ್ಬ ಬದಲಾಗುತ್ತಾನೆ. “ಇವರಾ? ದಿನಾ ಬರ್ತಾರೆ” ಎಂದ. “ವೈರು ಹಾಕಿಲ್ಲ, ಗಾಡಿ ಚಾರ್ಜ್ ಆಗ್ತಿಲ್ಲ ಅಂತ ನನಗೆ ಬೈತಾರೆ. ಒಂದಷ್ಟು ಹೊತ್ತು ಕೂತು ಎದ್ದು ಹೋಗ್ತಾರೆ. ಯಾರೋ ಇಲ್ಲೇ ಕೆಲಸ ಮಾಡಿ ನಿವೃತ್ತರಾದೋರು ಅಂದ್ಕೊಂಡೆ.”

ಅಕ್ಕ ಹತ್ತಿರ ಹೋಗಿ ನಿಂತಳು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಮೊಣಕೈವರೆಗೆ ಒದ್ದೆ. “ರೀ” ಎಂದಳು.

ಭಾವ ತಲೆಯೆತ್ತಿ ನೋಡಿದರು. ಗುರುತು ಸಿಗಲಿಲ್ಲ. ದೊಡ್ಡವರ ಜೊತೆ ಮಾತಾಡುವಂತೆ ಕಟ್ಟೆಯಿಂದ ಸ್ವಲ್ಪ ಎದ್ದು, “ಅಮ್ಮಾ, ಒಳಗೆ ನನ್ನ ಹೆಂಡತಿ ಕೆಲಸ ಮಾಡ್ತಾಳೆ. ಐದಕ್ಕೆ ಬಿಡ್ತಾರೆ. ನಾನು ಬಂದಿದೀನಿ ಅಂತ ಸ್ವಲ್ಪ ಹೇಳ್ತೀರಾ? ದಿನಾ ಕಾದು ಕಾದು ಹೋಗ್ತಿದೀನಿ” ಎಂದರು.

ಅಕ್ಕ ಅಳಬಹುದು, ಬೀಳಬಹುದು ಎಂದು ತೋಳು ಹಿಡಿಯಲು ಹೋದೆ. ಅವಳು ಅವರನ್ನೇ ನೋಡುತ್ತಾ, “ಹೇಳ್ತೀನಿ. ಕೂತ್ಕೊಳ್ಳಿ, ಹೋಗ್ಬೇಡಿ” ಎಂದಳು.

ಒಳಗೆ ಬಂದು ನಲ್ಲಿಯ ಕೆಳಗೆ ಮುಖವಿಟ್ಟಳು. ಮಾಸ್ಕು ಬಿಚ್ಚಿದಳು. ಟೋಪಿ ತೆಗೆದು ಮೊಳೆಗೆ ಹಾಕಿದಳು. ಜಡೆ ಬಿಚ್ಚಿದಳು, ನಾನೇ ಹಿಂದೆ ನಿಂತು ಕಟ್ಟಿದೆ. ಅವಳ ಕೂದಲು ಇಷ್ಟು ತೆಳ್ಳಗಾಗಿದೆ ಎಂದು ಎದುರಿನಿಂದ ನೋಡುವವಳಿಗೆ ಗೊತ್ತೇ ಆಗಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಹೋದಳು.

ಭಾವ ಎದ್ದು ನಿಂತರು.

“ಬಂದ್ಯಾ?” ಎಂದರು. ಕೈ ಚಾಚಿ ಚೀಲ ಇಸಿದುಕೊಂಡರು. “ಇವತ್ತು ತಡ ಮಾಡ್ಬಿಟ್ಟೆ.”

“ಹೌದು ರೀ” ಎಂದಳು ಅಕ್ಕ. “ತಡ ಆಯ್ತು.”

ಇಬ್ಬರೂ ರಸ್ತೆಗಿಳಿದು ಹೋದರು. ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು. ಮೇಲ್ವಿಚಾರಕಿ ಕೇಳಿದಾಗ, ಕಳುವಾದ ಬೆಡ್‌ಶೀಟು ಸಿಕ್ಕಿದೆ, ತಲುಪಿಸಿ ಬರಲು ಹೋಗಿದ್ದಾಳೆ ಎಂದೆ. ಆಮೇಲೆ ಕೂರಿಸಿ ಎಲ್ಲ ಹೇಳಿದೆ. ಆಕೆಯೂ ಮನುಷ್ಯಳೇ ಎಂದು ಅಂದು ಗೊತ್ತಾಯಿತು. ಕನ್ನಡಕ ಒರೆಸಿಕೊಂಡು ಎದ್ದು ಹೋದಳು.

ದರ್ಜಿಗೆ ಕೇಳಿದರೆ ಅವನದೊಂದು ನ್ಯಾಯ. “ಕೆಲಸಕ್ಕೆ ಹೋಗ್ಬರ್ತೀನಿ ಅಂತ ಹೇಳೇ ಹೋಗ್ತಿದ್ರಲ್ಲ. ತಲೆ ಬಾಚ್ಕೊಂಡು ಹೊರಟ ಗಂಡಸನ್ನ ಯಾರು ತಡೀತಾರೆ? ವಾಪಸ್ಸೂ ಬರ್ತಿದ್ರು.” ಅವನಿಗೆ ಬೈಯಲು ಬಾಯಿ ತೆರೆದೆ. ಟೀ ಮುಂದಿಟ್ಟ. ಕುಡಿದೆ.

ಶುಕ್ರವಾರ ಮಡಿಸುತ್ತಿರುವಾಗಲೇ ನಾದಿನಿಯ ಫೋನು ಬಂತು. ಕೈ ಖಾಲಿ ಇಲ್ಲದೆ ಅಕ್ಕ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳಿಸುವಂತೆ ಮಾಡಿದಳು.

“ನಾಳೆ ಎಷ್ಟೊತ್ತಿಗೆ ಹೊರಡ್ತೀರಿ ಅತ್ತಿಗೆ? ಹಾಸಿಗೆ ಹಿಡಿದಿಟ್ಟಿದಾರೆ.”

“ಕಳಿಸಲ್ಲಮ್ಮ.”

“ಅಯ್ಯೋ, ನೀವೇ ತಾನೇ ಹೇಳಿದ್ದು? ಗುರುತೇ ಇಲ್ಲ ಅಂತ?”

“ಗುರುತಿಲ್ಲ, ನಿಜ” ಎಂದಳು ಅಕ್ಕ. “ಆದ್ರೆ ಐದು ಗಂಟೆಗೆ ನನ್ನ ಕರ್ಕೊಂಡು ಹೋಗೋಕೆ ಬರ್ತಾರೆ. ಅಲ್ಲಿ ಬೀಗ ಹಾಕಿದ್ರೆ, ಬಾಗಿಲ ಹಿಂದೆ ನಿಂತು ನಾನು ತಡ ಮಾಡ್ದೆ ಅಂದ್ಕೋತಾರೆ. ದಿನಾ ಅಂದ್ಕೋತಾರೆ.”

ಅಕ್ಕ ಮೂಲೆ ಸೇರಿಸಿದಳು. ಅವಳ ಮುಖ ಹತ್ತಿರ ಬಂದಾಗ ನೋಡಿದೆ. ದಣಿವು ಹಾಗೇ ಇತ್ತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಆದದ್ದರಿಂದ ಅವಳ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಬೆಳಿಗ್ಗೆ ಈಗಲೂ ಅವಳು ಸಿಸ್ಟರ್. ಬೈಸಿಕೊಳ್ಳುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಪ್ಲಗ್ಗು ಕೀಳಿಸಿಕೊಳ್ಳುತ್ತಾಳೆ. ಭಾವನ ಕಾಲು ದಿನದಿಂದ ದಿನಕ್ಕೆ ನಿಧಾನವಾಗುತ್ತಿದೆ. ದಾರಿಯ ಎರಡು ತಿರುವುಗಳಲ್ಲಿ ಈಗ ಕಣ್ಣಿಡುವವರಿದ್ದಾರೆ, ಒಬ್ಬ ಪೇಪರಿನವನು, ಒಬ್ಬಳು ಹೂವಿನವಳು. ಪೀಪಿ ಆ ನಂಬರಿನ ಒಗೆತದ ಮಿತಿಯನ್ನೇ ಅಳಿಸಿಹಾಕಿದ್ದಾನೆ. ಕೆಂಪು ಸಾಲು ಇನ್ನು ಬರುವುದಿಲ್ಲ.

ಐದು ಗಂಟೆಗೆ ಅವನ ಯಂತ್ರ ಪೀಂ ಎನ್ನುತ್ತದೆ. ಅವನು ಪರದೆಯ ಹಿಂದಿನಿಂದ ಕೂಗುತ್ತಾನೆ, “ಅಕ್ಕಾ, ನಿಮ್ಮ ಬೆಡ್‌ಶೀಟು ಬಂತು.” ಅವಳು ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ನಲ್ಲಿಗೆ ಹೋಗಿ, ಮುಖ ತೊಳೆಯುತ್ತಾಳೆ. ಅವರನ್ನು ಮನೆಗೆ ಬಿಟ್ಟು, ಬಂದ ದಾರಿಯಲ್ಲೇ ಮತ್ತೆ ಬಂದು ಪಾಳಿ ಮುಗಿಸುತ್ತಾಳೆ. ಅವಳು ಬರುವವರೆಗೆ ನಾನು ದಿಂಬಿನ ಕವರು ಮಡಿಸುತ್ತೇನೆ. ಅದಕ್ಕೆ ಒಬ್ಬರೇ ಸಾಕು.